ಬಾಗಿಲು ಹಾಕಿಕೊಂಡು ಸೊಸೆ ಏನು ಮಾಡುತ್ತಾಳೆ?



ಹೋದ ಸಂಚಿಕೆಯಲ್ಲಿ ಉಪ್ಪಿನಕಾಯಿ ಜಾಡಿಗೆ ಬೂಷ್ಟು ಹಿಡಿಯದ ಹಾಗೆ ನೋಡಿಕೊಳ್ಳುವುದು ಹೇಗೆಂದು ಬರೆದಿದ್ದೆ. ಅದಕ್ಕೆ ಬಂದ ಕಾಗದಗಳ ನಡುವೆ ದಾವಣಗೆರೆಯ ಓದುಗರೊಬ್ಬರದು ಬೇರೆಯೇ ವಿಷಯ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಕಾಗದದ ಸಾರಾಂಶ ಇಷ್ಟು:

“ನನ್ನ ಸೊಸೆ ಸಾಫ್ಟ್‌ವೇರ್ ಇಂಜಿನಿಯರು. ಮನೆಯಿಂದಲೇ ಕೆಲಸ. ಬೆಳಗ್ಗೆ ಒಂಬತ್ತೂವರೆ ಆಯಿತೆಂದರೆ ಕೋಣೆ ಬಾಗಿಲು ಹಾಕಿಕೊಂಡುಬಿಡುತ್ತಾಳೆ. ಒಳಗಿನಿಂದ ಮಾತು, ನಗು ಎಲ್ಲಾ ಕೇಳಿಸುತ್ತದೆ. ಕಾಫಿ ತೆಗೆದುಕೊಂಡು ಹೋದರೆ ಕೈಸನ್ನೆ ಮಾಡಿ ಹೊರಗೆ ಕಳಿಸುತ್ತಾಳೆ. ಎರಡು ವಾರಕ್ಕೊಂದು ಸಲ ಮುಖ ಗಂಟು ಹಾಕಿಕೊಂಡು ಊಟವನ್ನೂ ಸರಿಯಾಗಿ ಮಾಡುವುದಿಲ್ಲ. ಏನಮ್ಮಾ ಅಂದರೆ ‘ಸ್ಪ್ರಿಂಟ್ ಮುಗೀತಿದೆ ಅತ್ತೆ’ ಅನ್ನುತ್ತಾಳೆ. ಇದು ಕೆಲಸವೋ, ಅಡಿಗೆಮನೆಗೆ ಬರದಿರಲು ಹೂಡಿದ ನೆವವೋ? ಬಾಯಿಬಿಟ್ಟು ಕೇಳಿದ್ದಕ್ಕೆ ದೊಡ್ಡ ಜಗಳವಾಗಿ, ಮಗ ನನ್ನ ಹತ್ತಿರ ಮಾತು ಬಿಟ್ಟು ಹತ್ತು ದಿನ ಆಯಿತು. ನಿಮ್ಮ ಮಗಳೂ ಅದೇ ಕೆಲಸದಲ್ಲಿದ್ದಾಳೆಂದು ಒಮ್ಮೆ ಬರೆದಿದ್ದಿರಿ. ಸ್ವಲ್ಪ ವಿವರವಾಗಿ ತಿಳಿಸಿ.”

ಅಮ್ಮಾ, ನೀವು ನನಗಿಂತ ಹಿರಿಯರು. ನಿಮ್ಮ ಕಾಗದ ಓದಿ ಮೊದಲು ನಗು ಬಂತು, ಆಮೇಲೆ ನಾಚಿಕೆಯಾಯಿತು. ಏಕೆಂದರೆ ಎರಡು ವರ್ಷದ ಹಿಂದೆ ಇದೇ ಮಾತನ್ನು ನಾನೂ ಆಡಿದ್ದೆ. ಸೊಸೆಗಲ್ಲ, ಹೆತ್ತ ಮಗಳಿಗೆ!

ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವಳು. ನನಗೆ ಬರುವುದು ಫೋನಿನಲ್ಲಿ ಕರೆಂಟ್ ಬಿಲ್ ಕಟ್ಟುವುದು, ತಂಗಿಗೆ ಫೋಟೋ ಕಳಿಸುವುದು ಅಷ್ಟೇ. ಮಗಳು ಬೆಂಗಳೂರಿನ ಒಂದು ಕಂಪೆನಿಗೆ ಸೇರಿದ ಮೇಲೆ ವಾರದಲ್ಲಿ ಮೂರು ದಿನ ಆಫೀಸಿಗೆ ಹೋಗುತ್ತಾಳೆ, ಇನ್ನೆರಡು ದಿನ ದೇವರಮನೆ ಪಕ್ಕದ ಕೋಣೆಯೇ ಆಫೀಸು. ಒಂದು ದಿನ ಬಾಗಿಲಾಚೆಯಿಂದ ಅವಳ ಮಾತು ಕಿವಿಗೆ ಬಿತ್ತು: “ನಮ್ಮ ಬ್ಯಾಕ್‌ಲಾಗ್‌ನಲ್ಲಿ ಇನ್ನೂ ನೂರಾ ನಲವತ್ತು ಇದೆ.” ನನ್ನ ಎದೆ ಧಸಕ್ಕೆಂದಿತು. ಇಂಜಿನಿಯರಿಂಗ್ ಓದುವ ಮಕ್ಕಳ ತಾಯಂದಿರಿಗೆಲ್ಲ ಗೊತ್ತು, ಬ್ಯಾಕ್‌ಲಾಗ್ ಎಂದರೆ ಫೇಲಾಗಿ ಉಳಿದ ವಿಷಯ. ಇವಳು ಡಿಗ್ರಿ ಮುಗಿಸಿದ್ದೇ ಸುಳ್ಳೇ ಅಂತ ಸಾಯಂಕಾಲ ಯಜಮಾನರು ಬರುವವರೆಗೆ ಪೇಚಾಡಿಕೊಂಡು ಕೂತಿದ್ದೆ. ಮಗಳಿಗೆ ವಿಷಯ ಗೊತ್ತಾಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ರಾತ್ರಿ ಊಟವಾದ ಮೇಲೆ ಕೂರಿಸಿಕೊಂಡು ತನ್ನ ಕೆಲಸ ಏನು, ಹೇಗೆ ಎಂದು ಬಿಡಿಸಿ ಹೇಳಿದಳು. ಅದನ್ನೇ ನಮ್ಮ ಅಡಿಗೆಮನೆ ಭಾಷೆಯಲ್ಲಿ ಇಲ್ಲಿ ಹೇಳುತ್ತೇನೆ.

ಕೃಷ್ಣಾಷ್ಟಮಿಗೆ ಚಕ್ಕುಲಿ ಮಾಡುತ್ತೀರಲ್ಲ? ಹಿಟ್ಟು ಕಲಸುತ್ತೀರಿ, ಎಣ್ಣೆ ಕಾಯಿಸುತ್ತೀರಿ. ಪೂರಾ ಹಿಟ್ಟನ್ನು ಒಂದೇ ಸಲ ಒತ್ತಿ ಕರಿದು ಡಬ್ಬಿ ತುಂಬಿಬಿಡುತ್ತೀರಾ? ಇಲ್ಲ. ಮೊದಲು ಒಂದು ಚಕ್ಕುಲಿ ಬಿಟ್ಟು, ತೆಗೆದು, ಮುರಿದು ನೋಡುತ್ತೀರಿ. ಗಟ್ಟಿಯಾಯಿತೇ, ಇನ್ನೊಂದು ಚಮಚ ಬೆಣ್ಣೆ. ಉಪ್ಪು ಸಾಲದೇ, ಚಿಟಿಕೆ ಉಪ್ಪಿನ ನೀರು. ಆಮೇಲೆ ಒಬ್ಬೆ ಒಬ್ಬೆಯಾಗಿ ಕರಿಯುತ್ತೀರಿ. ಸಾಫ್ಟ್‌ವೇರಿನವರು ‘ಅಜೈಲ್’ ಎಂದು ಕರೆಯುವುದು ಬಹುಮಟ್ಟಿಗೆ ಇದನ್ನೇ.

ಹಿಂದೆ ಹಾಗಿರಲಿಲ್ಲವಂತೆ. ಗಿರಾಕಿಗೆ ಏನೇನು ಬೇಕು ಎಂದು ಮೊದಲೇ ದಪ್ಪ ಪುಸ್ತಕ ಬರೆಯುವುದು, ಆಮೇಲೆ ನಕ್ಷೆ, ಆಮೇಲೆ ಪ್ರೋಗ್ರಾಂ ಬರೆಯುವುದು, ಎಲ್ಲಾ ಮುಗಿದ ಮೇಲೆ ಕೊಟ್ಟಕೊನೆಯಲ್ಲಿ ಪರೀಕ್ಷೆ. ನೀರು ಮೇಲಿನಿಂದ ಮೆಟ್ಟಿಲು ಮೆಟ್ಟಿಲಾಗಿ ಬಿದ್ದ ಹಾಗೆ ಒಂದೇ ದಿಕ್ಕಿನಲ್ಲಿ ಹೋಗುವುದರಿಂದ ಇದಕ್ಕೆ ‘ವಾಟರ್‌ಫಾಲ್’, ಅಂದರೆ ಜಲಪಾತ ಎಂಬ ಹೆಸರು ಬಿತ್ತು. 1970ರಲ್ಲಿ ವಿನ್‌ಸ್ಟನ್ ರಾಯ್ಸ್ ಎಂಬುವರು ಈ ಮೆಟ್ಟಿಲುಗಳ ಚಿತ್ರ ಬರೆದು ತೋರಿಸಿದರು. ತಮಾಷೆ ಎಂದರೆ, ಪರೀಕ್ಷೆಯನ್ನು ಕೊನೆಗೆ ಇಟ್ಟುಕೊಂಡರೆ ಅಪಾಯ ಎಂದು ಅವರೇ ಅದೇ ಲೇಖನದಲ್ಲಿ ಎಚ್ಚರಿಸಿದ್ದರು. ಜನ ಚಿತ್ರ ಇಟ್ಟುಕೊಂಡರು, ಎಚ್ಚರಿಕೆ ಬಿಟ್ಟರು!

ಮಗಳ ಕಂಪೆನಿಯಲ್ಲೇ ಒಂದು ಉದಾಹರಣೆ ಆಯಿತು. ಇವರು ತಯಾರಿಸುವುದು ಔಷಧಿ ಅಂಗಡಿಗಳ ಬಿಲ್ಲು ಮತ್ತು ದಾಸ್ತಾನಿನ ಸಾಫ್ಟ್‌ವೇರು. ಇವಳು ಸೇರುವುದಕ್ಕೆ ಮುಂಚೆ ಎಂಟು ತಿಂಗಳು ಕೂತು, ಬೇಕಾದದ್ದು ಬೇಡಾದದ್ದು ಎಲ್ಲಾ ಸೇರಿಸಿ ಒಂದನ್ನು ಮಾಡಿದ್ದರಂತೆ. ಅಂಗಡಿಗೆ ಕೊಟ್ಟ ಮೇಲೆ ಗೊತ್ತಾಯಿತು, ಒಂದು ಬಿಲ್ಲು ಹಾಕಬೇಕಾದರೆ ಮೂರು ಪರದೆ ದಾಟಬೇಕು. ಸಾಯಂಕಾಲ ಡಾಕ್ಟರ ಶಾಪಿನಿಂದ ಜನ ಚೀಟಿ ಹಿಡಿದುಕೊಂಡು ಬಂದು ನಿಂತಿರುವಾಗ ಅಂಗಡಿಯವರಿಗೆ ಅಷ್ಟು ಪುರಸೊತ್ತು ಎಲ್ಲಿಂದ ಬರಬೇಕು? ಅವರು ಅದನ್ನು ಮುಚ್ಚಿಟ್ಟು ಹಳೇ ಬಿಲ್ ಪುಸ್ತಕವನ್ನೇ ತೆಗೆದರಂತೆ. ಎಂಟು ತಿಂಗಳ ದುಡಿಮೆ ಡಬ್ಬಿ ತುಂಬಿದ ಗಟ್ಟಿ ಚಕ್ಕುಲಿಯ ಹಾಗಾಯಿತು. ಮೊದಲ ಎರಡು ವಾರದಲ್ಲೇ ಬರೀ ಬಿಲ್ಲು ಹಾಕುವುದೊಂದನ್ನು ಮಾಡಿ ಒಂದು ಅಂಗಡಿಗೆ ತೋರಿಸಿದ್ದರೆ, ಆ ತಪ್ಪು ಅಲ್ಲಿಯೇ ಸಿಕ್ಕಿಬಿಡುತ್ತಿತ್ತು.

ಇಂಥ ಪೆಟ್ಟು ತಿಂದವರು ಪ್ರಪಂಚದಲ್ಲಿ ಬೇಕಾದಷ್ಟು ಜನ. 2001ರ ಫೆಬ್ರುವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಎಂಬ ಹಿಮದ ಬೆಟ್ಟದ ಊರಿನಲ್ಲಿ ಇಂಥ ಅನುಭವಸ್ಥರು 17 ಜನ ಸೇರಿ ಒಂದು ಪುಟ್ಟ ಪ್ರಣಾಳಿಕೆ ಬರೆದರು. (ಹದಿನೇಳಕ್ಕೆ ಹದಿನೇಳೂ ಗಂಡಸರೇ. ಒಬ್ಬ ಹೆಂಗಸನ್ನು ಕರೆದಿದ್ದರೆ ಚಕ್ಕುಲಿ ಉದಾಹರಣೆ ಅಲ್ಲಿಯೇ ಸಿಗುತ್ತಿತ್ತು!) ಅದರ ತಾತ್ಪರ್ಯ ನಾಲ್ಕು ಮಾತಿನಲ್ಲಿ ಹೇಳಬಹುದು. ಕಟ್ಟುಕಟ್ಟಳೆಗಿಂತ ಕೆಲಸ ಮಾಡುವ ಮನುಷ್ಯರು ದೊಡ್ಡವರು. ದಪ್ಪ ದಪ್ಪ ಕಡತಕ್ಕಿಂತ ಕೆಲಸ ಮಾಡುವ ಪದಾರ್ಥ ದೊಡ್ಡದು. ಕರಾರು ಪತ್ರ ಹಿಡಿದು ಜಗ್ಗಾಡುವುದಕ್ಕಿಂತ ಗಿರಾಕಿಯ ಜತೆ ಕೂತು ಕೆಲಸ ಮಾಡುವುದು ಮೇಲು. ಹಾಕಿಕೊಂಡ ಯೋಜನೆಗೆ ಜೋತುಬೀಳುವುದಕ್ಕಿಂತ ಬದಲಾವಣೆಗೆ ಹೊಂದಿಕೊಳ್ಳುವುದು ಮೇಲು. ಹಾಗೆಂದು ಕಟ್ಟಳೆ, ಕಡತ, ಯೋಜನೆ ಬೇಡವೇ ಬೇಡ ಎಂದು ಅವರು ಹೇಳಲಿಲ್ಲ. ಅವಕ್ಕೂ ಬೆಲೆ ಇದೆ, ಆದರೆ ಮೊದಲನೇ ಮಣೆ ಇವಕ್ಕೆ ಎಂದರು.

ಈಗ ನಿಮ್ಮ ಸೊಸೆಯ ‘ಸ್ಪ್ರಿಂಟ್’ಗೆ ಬರೋಣ. ಅಜೈಲ್ ಎಂಬ ದೊಡ್ಡ ಮನೆಯಲ್ಲಿ ಹಲವು ಪದ್ಧತಿಗಳಿವೆ. ಬಹಳ ಕಡೆ ನಡೆಯುವುದು ‘ಸ್ಕ್ರಮ್’. ಅದು ರಗ್ಬಿ ಆಟದ ಶಬ್ದ. ಆಟಗಾರರು ತೋಳಿಗೆ ತೋಳು ಸೇರಿಸಿ, ತಲೆ ಬಗ್ಗಿಸಿ, ಒಟ್ಟಾಗಿ ನೂಕುತ್ತಾರಲ್ಲ, ಅದು. 1986ರಲ್ಲಿ ಟಕೆಯುಚಿ ಮತ್ತು ನೊನಾಕ ಎಂಬ ಇಬ್ಬರು ಜಪಾನಿ ವಿದ್ವಾಂಸರು, ಹೊಸ ಸಾಮಾನು ತಯಾರಿಸುವ ಒಳ್ಳೆಯ ತಂಡ ಹೀಗೆ ರಗ್ಬಿ ತಂಡದಂತೆ ಒಟ್ಟಿಗೇ ಮುಂದೆ ಹೋಗುತ್ತದೆ ಎಂದು ಬರೆದರು. ಅದೇ ಹೆಸರನ್ನು ಹಿಡಿದು ಕೆನ್ ಶ್ವೇಬರ್ ಮತ್ತು ಜೆಫ್ ಸದರ್‌ಲ್ಯಾಂಡ್ ಎಂಬುವರು 1995ರಲ್ಲಿ ಸಾಫ್ಟ್‌ವೇರಿಗೆ ಒಗ್ಗುವ ಪದ್ಧತಿಯನ್ನು ಮಂಡಿಸಿದರು. ಇದರಲ್ಲಿ ಕೆಲಸವನ್ನು ಚಿಕ್ಕ ಚಿಕ್ಕ ಅವಧಿಗಳಾಗಿ ಕತ್ತರಿಸಿಕೊಳ್ಳುತ್ತಾರೆ. ಆ ಒಂದೊಂದು ಅವಧಿಯೇ ಸ್ಪ್ರಿಂಟ್. ಒಂದು ತಿಂಗಳಿಗಿಂತ ಹೆಚ್ಚಿರಬಾರದು. ಬಹಳ ಜನ ಇಟ್ಟುಕೊಳ್ಳುವುದು ಎರಡು ವಾರ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಒಂದು ಒಬ್ಬೆ.

ನನ್ನನ್ನು ಹೆದರಿಸಿದ ಬ್ಯಾಕ್‌ಲಾಗ್ ಎಂದರೆ ಫೇಲಾದದ್ದಲ್ಲ, ಮುಂದೆ ಮಾಡಬೇಕಾದ ಕೆಲಸಗಳ ಪಟ್ಟಿ. ಒಂದೊಂದು ಕೆಲಸವನ್ನೂ ಬಳಸುವವರ ಬಾಯಿಂದ ಬಂದ ಹಾಗೆ ಚಿಕ್ಕ ಚೀಟಿಯಲ್ಲಿ ಬರೆಯುತ್ತಾರೆ. ಅದಕ್ಕೆ ‘ಸ್ಟೋರಿ’ ಎಂದು ಹೆಸರು. ಮಗಳು ತೋರಿಸಿದ ಚೀಟಿಯೊಂದು ಹೀಗಿತ್ತು: ‘ಔಷಧಿ ಅಂಗಡಿಯವನಾದ ನನಗೆ, ಮುಂದಿನ ತಿಂಗಳು ಅವಧಿ ಮುಗಿಯುವ ಮಾತ್ರೆಗಳ ಪಟ್ಟಿ ಬೇಕು. ಯಾಕೆಂದರೆ ಮೊದಲೇ ಗೊತ್ತಾದರೆ ಕಂಪೆನಿಗೆ ವಾಪಸು ಕಳಿಸಬಹುದು.’ ಯಾರಿಗೆ, ಏನು, ಯಾಕೆ ಎಂಬ ಮೂರೂ ಒಂದೇ ಚೀಟಿಯಲ್ಲಿ. ಆ ‘ಯಾಕೆ’ ಇಲ್ಲದಿದ್ದರೆ ಚೀಟಿಯನ್ನು ವಾಪಸು ಕಳಿಸುತ್ತಾರಂತೆ. ‘ಯಾಕೆ’ ತಿಳಿಯದೆ ಮಾಡಿದ ಕೆಲಸ, ಯಾರು ಉಣ್ಣುತ್ತಾರೆಂದು ಕೇಳದೆ ಮಾಡಿದ ಅಡಿಗೆ ಇದ್ದಂತೆ.

ಈ ಪಟ್ಟಿಯ ಯಜಮಾನಿಕೆ ಒಬ್ಬರದೇ. ಅವರಿಗೆ ‘ಪ್ರಾಡಕ್ಟ್ ಓನರ್’ ಎನ್ನುತ್ತಾರೆ. ಮಗಳ ತಂಡದಲ್ಲಿ ಅವರು ಹೆಂಗಸೇ. ಯಾವುದು ಮೊದಲು, ಯಾವುದು ಆಮೇಲೆ ಎಂದು ಸಾಲಾಗಿ ಜೋಡಿಸುವುದು ಅವರ ಕೆಲಸ. ಕೇಳಿದವರಿಗೆಲ್ಲ ‘ಆಗಲಿ’ ಎನ್ನುವವರು ಈ ಜಾಗಕ್ಕೆ ಲಾಯಕ್ಕಲ್ಲ. ಕೆಲವು ಕಡೆ ಕೆಲಸಗಳನ್ನು ನಾಲ್ಕು ಗುಂಪು ಮಾಡುತ್ತಾರೆ: ಬೇಕೇ ಬೇಕಾದದ್ದು, ಬೇಕಾದದ್ದು, ಇದ್ದರೆ ಚೆನ್ನ ಎನ್ನುವಂಥದ್ದು, ಈ ಸಲಕ್ಕೆ ಬೇಡವಾದದ್ದು. ಈ ನಾಲ್ಕನೆಯದನ್ನು ಬಾಯಿಬಿಟ್ಟು ಹೇಳುವುದೇ ಕಷ್ಟ. ಗೌರಿ ಹಬ್ಬದ ಹಿಂದಿನ ದಿನ ‘ಈ ಸಲ ಹೋಳಿಗೆ ಬೇಡ, ಪಾಯಸ ಸಾಕು’ ಎಂದು ನಮ್ಮಲ್ಲಿ ಎಷ್ಟು ಜನ ಹೇಳಿದ್ದೇವೆ, ಹೇಳಿ ನೋಡೋಣ?

ಒಂದು ಕೆಲಸ ಎಷ್ಟು ದೊಡ್ಡದು ಎಂದು ಅಳೆಯುವ ರೀತಿ ನನಗೆ ಬಹಳ ಹಿಡಿಸಿತು. ಗಂಟೆ ಲೆಕ್ಕ ಹಾಕುವುದಿಲ್ಲ, 1, 2, 3, 5, 8, 13 ಎಂದು ತೂಕ ಕೊಡುತ್ತಾರೆ. ಚಿತ್ರಾನ್ನ 1 ಎಂದರೆ ಬಿಸಿಬೇಳೆ ಬಾತ್ 3, ಹೋಳಿಗೆ 8 ಎಂದಿಟ್ಟುಕೊಳ್ಳಿ. ಈ ಅಂಕಿಗಳ ಇಸ್ಪೀಟಿನಂಥ ಎಲೆ ಒಬ್ಬೊಬ್ಬರ ಕೈಯಲ್ಲೂ ಇರುತ್ತದೆ. ಎಲ್ಲರೂ ಮನಸ್ಸಿನಲ್ಲೇ ಲೆಕ್ಕ ಹಾಕಿ ಒಂದೇ ಸಲಕ್ಕೆ ಎಲೆ ತೋರಿಸಬೇಕು. 2002ರಲ್ಲಿ ಜೇಮ್ಸ್ ಗ್ರೆನಿಂಗ್ ಎಂಬುವರು ಇದನ್ನು ಶುರುಮಾಡಿದರು. ಒಂದೇ ಸಲಕ್ಕೆ ಯಾಕೆ? ಹಿರಿಯರು ಮೊದಲು ಹೇಳಿಬಿಟ್ಟರೆ ಕಿರಿಯರು ಸುಮ್ಮನೆ ತಲೆಯಾಡಿಸುತ್ತಾರೆ. ಒಬ್ಬರು 2 ಎಂದು ಇನ್ನೊಬ್ಬರು 13 ಎಂದರೆ ಜಗಳವಿಲ್ಲ. ‘ನಿನಗೆ ಇದು ಅಷ್ಟು ಭಾರ ಅಂತ ಯಾಕೆ ಅನ್ನಿಸಿತು?’ ಎಂದು ಕೇಳುತ್ತಾರೆ. ಹೆಚ್ಚಿನ ಸಲ ಉಳಿದವರ ಕಣ್ಣಿಗೆ ಬೀಳದ ಒಂದು ತೊಡಕು ಆ 13 ಎಂದವರಿಗೆ ಕಂಡಿರುತ್ತದಂತೆ. ನನ್ನ ಸ್ವಂತ ಅತ್ತೆಮನೆಯಲ್ಲಿ ಮೊದಲ ಹತ್ತು ವರ್ಷ ಇಂಥ ಒಂದು ಎಲೆ ನನ್ನ ಕೈಯಲ್ಲಿದ್ದಿದ್ದರೆ ಅಂತ ಅನ್ನಿಸಿತು, ಸುಳ್ಳು ಹೇಳಲಾರೆ.

ಇನ್ನು ಬೆಳಗಿನ ಒಂಬತ್ತೂವರೆಯ ಬಾಗಿಲು. ಅದು ದಿನದ ಕೂಟ. ಹದಿನೈದು ನಿಮಿಷಕ್ಕಿಂತ ಹೆಚ್ಚಿರಬಾರದು. ಬೇಗ ಮುಗಿಯಲಿ ಎಂದು ಬಹಳ ಕಡೆ ನಿಂತುಕೊಂಡೇ ಮಾಡುವುದರಿಂದ ‘ಸ್ಟ್ಯಾಂಡಪ್’ ಎಂದೂ ಕರೆಯುತ್ತಾರೆ. ನಿನ್ನೆ ಏನಾಯಿತು, ಇವತ್ತು ಏನು, ಎಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ ಎಂದು ಒಬ್ಬೊಬ್ಬರೂ ಹೇಳುತ್ತಾರೆ. ಇಲ್ಲಿ ನನ್ನದೇ ಒಂದು ಕಥೆ ಹೇಳಬೇಕು.

ಒಂದು ಮಂಗಳವಾರ ಕಾಫಿ ಲೋಟ ಹಿಡಿದು ಬಾಗಿಲ ಹತ್ತಿರ ಹೋಗಿದ್ದೆ. ಒಳಗೆ ಮಗಳು ಹೇಳುತ್ತಿದ್ದಳು: “ನಾನು ನಿನ್ನೆಯಿಂದ ಒಂದೇ ಕಡೆ ಸಿಕ್ಕಿಹಾಕಿಕೊಂಡಿದೀನಿ. ನನ್ನೊಬ್ಬಳ ಕೈಲಿ ಆಗ್ತಿಲ್ಲ.” ಅವಳ ದನಿಯಲ್ಲಿ ಅಳುಕಿರಲಿಲ್ಲ, ನಾಚಿಕೆ ಇರಲಿಲ್ಲ. ಬಸ್ಸು ಹೊರಟುಹೋಯಿತು ಎಂದು ಹೇಳುವಷ್ಟು ಸಲೀಸು. ತಕ್ಷಣ ಯಾರೋ “ಹನ್ನೊಂದು ಗಂಟೆಗೆ ನಾನು ಜತೆಗೆ ಕೂತ್ಕೋತೀನಿ” ಅಂದರು. ಅಷ್ಟೇ, ಮುಂದಿನವರ ಸರದಿ ಬಂತು.

ನಾನು ಅಲ್ಲೇ ನಿಂತೆ. ಕಾಫಿ ಆರಿತು. ಏಳು ತಿಂಗಳಿಂದ ನನಗೆ ತಿಂಗಳ ಮುಟ್ಟು ಹತ್ತು ಹನ್ನೆರಡು ದಿನ ಹೋಗುತ್ತಿತ್ತು. ಮೆಟ್ಟಿಲು ಹತ್ತಿದರೆ ಏದುಸಿರು, ಕಣ್ಣು ಕತ್ತಲೆ. ಮನೆಯಲ್ಲಿ ಸೊಂಟದ ಮೂಳೆ ಮುರಿದುಕೊಂಡು ಮಲಗಿದ್ದ ಅತ್ತೆಯವರು, ಯಜಮಾನರ ರಾತ್ರಿ ಪಾಳಿ, ಇವಳ ಕೆಲಸ. ಇದರ ನಡುವೆ ನನ್ನದೊಂದು ರಗಳೆ ಯಾಕೆ ಎಂದು ಯಾರಿಗೂ ಹೇಳಿರಲಿಲ್ಲ. ‘ನನ್ನೊಬ್ಬಳ ಕೈಲಿ ಆಗ್ತಿಲ್ಲ’ ಎಂಬ ನಾಲ್ಕು ಮಾತು ನಲವತ್ತಾರು ವರ್ಷದಲ್ಲಿ ನನ್ನ ಬಾಯಿಂದ ಬಂದೇ ಇರಲಿಲ್ಲ. ಅವತ್ತು ಮಧ್ಯಾಹ್ನ ಊಟಕ್ಕೆ ಬಡಿಸುತ್ತಾ ಅಂದೆ: “ಏನೇ, ನಾನೂ ಸಿಕ್ಕಿಹಾಕಿಕೊಂಡಿದೀನಿ ಕಣೇ.” ಮಗಳು ತುತ್ತು ಕೆಳಗಿಟ್ಟು ನನ್ನ ಮುಖ ನೋಡಿದಳು. ಸಾಯಂಕಾಲ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಹಿಮೋಗ್ಲೋಬಿನ್ 7ಕ್ಕೆ ಇಳಿದಿತ್ತು, ಇರಬೇಕಾದದ್ದು 12. ಗರ್ಭಕೋಶದಲ್ಲಿ ಗಡ್ಡೆ. ಹೆದರುವಂಥದ್ದಲ್ಲ, ಆದರೆ ಇನ್ನೂ ತಡ ಮಾಡಿದ್ದರೆ ರಕ್ತ ಕೊಡಬೇಕಾಗುತ್ತಿತ್ತು ಎಂದು ಡಾಕ್ಟರು ಬೈದರು. ಔಷಧಿ, ಕಬ್ಬಿಣದ ಮಾತ್ರೆ ನುಂಗಿ ಈಗ ಸುಧಾರಿಸಿಕೊಂಡಿದ್ದೇನೆ.

ಅದಕ್ಕೇ ಹೇಳುತ್ತೇನೆ, ಆ ಹದಿನೈದು ನಿಮಿಷವನ್ನು ಹಗುರವಾಗಿ ನೋಡಬೇಡಿ. ಅಜೈಲ್ ಎಂದರೆ ಓಡು ಓಡು ಎನ್ನುವ ವಿದ್ಯೆ ಎಂದು ನಾನು ತಿಳಿದಿದ್ದೆ. ಅದರ ತಿರುಳು ವೇಗ ಅಲ್ಲ. ‘ಇಷ್ಟು ನನ್ನಿಂದ ಆಗುತ್ತದೆ, ಇಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ’ ಎಂದು ಕಾಲ ಮೀರುವ ಮೊದಲೇ ಹೇಳುವುದು, ಹೇಳಿದವರನ್ನು ಹೀಯಾಳಿಸದೆ ಕೇಳಿಸಿಕೊಳ್ಳುವುದು.

ಕೆಲಸಗಳನ್ನು ಕಣ್ಣಿಗೆ ಕಾಣುವ ಹಾಗೆ ಇಡುವ ಇನ್ನೊಂದು ಪದ್ಧತಿಗೆ ‘ಕಾನ್‌ಬಾನ್’ ಎಂದು ಹೆಸರು. ಜಪಾನಿನ ಟೊಯೊಟಾ ಕಾರ್ಖಾನೆಯಲ್ಲಿ ತಾಯಿಚಿ ಓನೊ ಎಂಬುವರು ಬೆಳೆಸಿದ್ದು. ಕಾನ್‌ಬಾನ್ ಎಂದರೆ ಜಪಾನಿ ಭಾಷೆಯಲ್ಲಿ ಫಲಕ. ಸಾಫ್ಟ್‌ವೇರಿನವರು ಇದನ್ನು ತಮಗೆ ಬೇಕಾದಂತೆ ಒಗ್ಗಿಸಿಕೊಂಡು, ಫಲಕದ ಮೇಲೆ ‘ಮಾಡಬೇಕು’, ‘ಮಾಡುತ್ತಿದ್ದೇವೆ’, ‘ಮುಗಿಯಿತು’ ಎಂದು ಮೂರು ಸಾಲು ಎಳೆದು ಚೀಟಿಗಳನ್ನು ಒಂದರಿಂದ ಒಂದಕ್ಕೆ ಸರಿಸುತ್ತಾರೆ. ಇದರ ಗುಟ್ಟು ನಡುವಿನ ಸಾಲಿನಲ್ಲಿದೆ. ಅಲ್ಲಿ ಇಷ್ಟೇ ಚೀಟಿ ಇರಬೇಕು ಎಂದು ಮಿತಿ. ಒಲೆಗೆ ಮೂರು ಉರಿ ಇದ್ದರೆ ಮೂರೇ ಪಾತ್ರೆ. ನಾಲ್ಕನೆಯದನ್ನು ಇಡಬೇಕೆಂದರೆ ಒಂದನ್ನು ಇಳಿಸಲೇಬೇಕು. ಹತ್ತು ಕೆಲಸ ಒಟ್ಟಿಗೆ ಹಚ್ಚಿಕೊಂಡರೆ ಹತ್ತೂ ಅರೆಬೆಂದು ಕೂರುತ್ತವೆ ಎನ್ನುವುದು ನಮಗೆ ಗೊತ್ತಿಲ್ಲದ್ದೇ?

ಹಾಗಾದರೆ ಇನ್ನಷ್ಟು ಜನರನ್ನು ಹಾಕಿಕೊಂಡರೆ ಬೇಗ ಮುಗಿಯುವುದಿಲ್ಲವೇ ಎಂದು ನಾನೂ ಕೇಳಿದೆ. ಯಾವಾಗಲೂ ಇಲ್ಲವಂತೆ. ಐಬಿಎಂ ಕಂಪೆನಿಯಲ್ಲಿ ಬಹಳ ದೊಡ್ಡ ಕೆಲಸ ಮಾಡಿಸಿದ್ದ ಫ್ರೆಡ್ ಬ್ರೂಕ್ಸ್ ಎಂಬುವರು 1975ರ ತಮ್ಮ ಪುಸ್ತಕದಲ್ಲಿ, ತಡವಾಗಿರುವ ಸಾಫ್ಟ್‌ವೇರ್ ಕೆಲಸಕ್ಕೆ ಹೊಸಬರನ್ನು ಸೇರಿಸಿದರೆ ಇನ್ನೂ ತಡವಾಗುತ್ತದೆ ಎಂದು ತೋರಿಸಿದರು. ಹೊಸಬರಿಗೆ ಕಲಿಸಲು ಹಳಬರ ಹೊತ್ತು ಹೋಗುತ್ತದೆ, ಮಾತುಕತೆಯೂ ಹೆಚ್ಚುತ್ತದೆ. ಅವರು ಕೊಟ್ಟ ಉದಾಹರಣೆ ಬಸುರಿನದು. ಒಂಬತ್ತು ಜನ ಸೇರಿಕೊಂಡರೆ ಒಂದೇ ತಿಂಗಳಲ್ಲಿ ಕೂಸು ಹುಟ್ಟೀತೇ? ಈ ಮಾತು ಹೆಂಗಸರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಎರಡು ವಾರ ತುಂಬಿದ ದಿನ, ಅಂದರೆ ನಿಮ್ಮ ಸೊಸೆ ಊಟ ಬಿಡುವ ದಿನ, ಎರಡು ಕೂಟ ಇರುತ್ತವೆ. ಮೊದಲನೆಯದರಲ್ಲಿ ಆದ ಕೆಲಸವನ್ನು ಗಿರಾಕಿಗಳ ಮುಂದೆ ನಡೆಸಿ ತೋರಿಸಬೇಕು. ‘ಅರ್ಧ ಆಗಿದೆ’ ಎನ್ನುವ ಮಾತು ನಡೆಯುವುದಿಲ್ಲ. ಏನೇನಾದರೆ ಮುಗಿದಂತೆ ಎಂದು ಮೊದಲೇ ಗೊತ್ತುಮಾಡಿಕೊಂಡಿರುತ್ತಾರೆ. ಸಾರು ಕುದಿದರೆ ಸಾಲದು, ಒಗ್ಗರಣೆ ಬಿದ್ದು ಎಲೆಗೆ ಬಡಿಸುವಂತಿರಬೇಕು. ಮುಗಿಯದ್ದು ಪುನಃ ಪಟ್ಟಿಗೆ ಹೋಗುತ್ತದೆ. ಪರೀಕ್ಷೆಯ ದಿನದ ಹಾಗೆ ಅವತ್ತು ಹೊಟ್ಟೆಯಲ್ಲಿ ಕಲಕುತ್ತದೆ, ಸಹಜ. ಎರಡನೆಯ ಕೂಟ ‘ರೆಟ್ರೋಸ್ಪೆಕ್ಟಿವ್’. ಅದು ಸಿಂಹಾವಲೋಕನ. ಏನು ಚೆನ್ನಾಗಿ ಹೋಯಿತು, ಎಲ್ಲಿ ಎಡವಿದೆವು, ಮುಂದಿನ ಒಬ್ಬೆಯಲ್ಲಿ ಯಾವುದನ್ನು ತಿದ್ದಿಕೊಳ್ಳೋಣ ಎಂದು ತಂಡದವರು ಮಾತಾಡಿಕೊಳ್ಳುತ್ತಾರೆ. ಅಲ್ಲಿ ನಗುವೂ ಇರುತ್ತದೆ. ನಗದೆ ಹೋದರೆ ಆ ಕೆಲಸ ಮಾಡುವುದಕ್ಕಾಗುವುದಿಲ್ಲ ಅಂತಾಳೆ ಮಗಳು.

ಇಷ್ಟೆಲ್ಲಾ ಹೊಗಳಿದೆ. ಇನ್ನೊಂದು ಮುಖವನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಒಳ್ಳೆಯ ಪದ್ಧತಿಯನ್ನೂ ಕೆಡಿಸುವವರಿದ್ದಾರೆ. ಬೆಳಗಿನ ಕೂಟವನ್ನು ಸ್ಕೂಲಿನ ಹಾಜರಿಯಂತೆ ಮಾಡಿ, ‘ನಿನ್ನೆ ಇಷ್ಟೇನಾ ಮಾಡಿದ್ದು?’ ಎಂದು ಎಲ್ಲರೆದುರು ಗದರಿಸುವ ಮೇಲಧಿಕಾರಿಗಳಿದ್ದಾರಂತೆ. 2020ರ ಸ್ಕ್ರಮ್ ಕೈಪಿಡಿಯಲ್ಲಿ ಆ ಮೂರು ಪ್ರಶ್ನೆಗಳನ್ನೇ ತೆಗೆದುಹಾಕಿ, ತಂಡ ತನಗೆ ಬೇಕಾದ ರೀತಿಯಲ್ಲಿ ಮಾತಾಡಿಕೊಳ್ಳಲಿ ಎಂದು ಬಿಟ್ಟಿದ್ದಾರೆ. ತೂಕಕ್ಕೆ ಕೊಟ್ಟ ಅಂಕಿಗಳನ್ನು ‘ಆ ತಂಡ 40 ಮಾಡಿತು, ನೀವು 30’ ಎಂದು ಚಾಟಿ ಮಾಡಿಕೊಳ್ಳುವವರೂ ಉಂಟು. ಆಗ ಜನ ಚಿತ್ರಾನ್ನಕ್ಕೂ 8 ಎಂದು ಬರೆಯಲು ಶುರುಮಾಡುತ್ತಾರೆ. ಒಂದು ಸ್ಪ್ರಿಂಟ್ ಮುಗಿದ ಮಾರನೆಯ ದಿನವೇ ಇನ್ನೊಂದು. ವರ್ಷವಿಡೀ ಉಸಿರು ಬಿಡಲು ಬಿಡುವಿಲ್ಲದೆ ಸೊರಗಿದ ಮಕ್ಕಳನ್ನು ನಾನೇ ನೋಡಿದ್ದೇನೆ. ಆದರೆ ಆ ಹದಿನೇಳು ಜನ ಬರೆದ ತತ್ತ್ವಗಳಲ್ಲೇ, ಎಷ್ಟು ಕಾಲವಾದರೂ ಒಂದೇ ಹದದಲ್ಲಿ ಮುಂದುವರಿಸುವಂತಿರಬೇಕು ಕೆಲಸ ಎನ್ನುವುದೂ ಒಂದು. ಸಣ್ಣ ಉರಿಯಲ್ಲಿ ಬೇಯಿಸಿ ಎಂದರೆ ಇವರು ದೊಡ್ಡ ಉರಿ ಹಚ್ಚಿ ತಳ ಹತ್ತಿಸುತ್ತಾರೆ.

ಮನೆಯಲ್ಲಿ ಸಾಫ್ಟ್‌ವೇರ್ ಕೆಲಸದವರಿದ್ದರೆ ಈ ಕೆಲವು ಮಾತು ನೆನಪಿನಲ್ಲಿಡಿ:

1. ಬೆಳಗಿನ ಕೂಟದ ಹೊತ್ತು ಕೇಳಿಟ್ಟುಕೊಳ್ಳಿ. ಕಾಫಿಯನ್ನು ಅದಕ್ಕೆ ಹತ್ತು ನಿಮಿಷ ಮೊದಲೇ ಕೊಟ್ಟುಬಿಡಿ.

2. ಸ್ಪ್ರಿಂಟ್ ಮುಗಿಯುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಅವತ್ತು ನೆಂಟರನ್ನು ಕರೆಯುವುದು, ವ್ರತ ಇಟ್ಟುಕೊಳ್ಳುವುದು ಸಾಧ್ಯವಾದರೆ ಬೇಡ. ಅನ್ನ ಸಾರಿನ ಬದಲು ಕೈಯಲ್ಲಿ ಹಿಡಿದು ತಿನ್ನುವ ಚಪಾತಿ ಪಲ್ಯ ಮಾಡಿ.

3. ‘ಎಷ್ಟು ಹೊತ್ತು ಕೆಲಸ ಮಾಡ್ತೀಯ?’ ಎನ್ನುವ ಬದಲು ‘ಎಲ್ಲಾದರೂ ಸಿಕ್ಕಿಹಾಕಿಕೊಂಡಿದೀಯಾ?’ ಎಂದು ಕೇಳಿ. ಉತ್ತರ ಅರ್ಥವಾಗದಿದ್ದರೂ ಪರವಾಗಿಲ್ಲ.

4. ರಾತ್ರಿ ಹನ್ನೊಂದಾದರೂ ದೀಪ ಆರದಿರುವುದು ಒಂದೆರಡು ದಿನವಾದರೆ ಸರಿ. ತಿಂಗಳುಗಟ್ಟಲೆ ಆದರೆ ಅದು ಪದ್ಧತಿಯ ತಪ್ಪಲ್ಲ, ನಡೆಸುವವರ ತಪ್ಪು. ಮಕ್ಕಳ ಪರವಾಗಿ ನಿಲ್ಲಿ.

5. ವಾರಕ್ಕೊಂದು ಸಲ ನಿಮ್ಮ ಮನೆಯಲ್ಲೂ ಹದಿನೈದು ನಿಮಿಷ ಎಲ್ಲರೂ ಕೂತುಕೊಳ್ಳಿ. ನಿಮ್ಮ ಸರದಿ ಬಂದಾಗ ‘ನನಗೇನಿಲ್ಲ ಬಿಡಿ’ ಎಂದು ಎದ್ದುಹೋಗಬೇಡಿ.

ದಾವಣಗೆರೆಯ ಅಮ್ಮನವರೇ, ಈಗ ನಿಮ್ಮ ಪ್ರಶ್ನೆಗೆ ನೇರ ಉತ್ತರ. ಅದು ಕೆಲಸವೇ, ನೆವ ಅಲ್ಲ. ಹಾಗೆಂದು ಅಡಿಗೆಮನೆ ಭಾರವೆಲ್ಲ ನಿಮ್ಮ ತಲೆಗೇ ಇರಲಿ ಎಂದು ನಾನು ಹೇಳುತ್ತಿಲ್ಲ. ಕಾಗದದ ಕೊನೆಯಲ್ಲಿ ನೀವು ಚಿಕ್ಕ ಅಕ್ಷರದಲ್ಲಿ ಬರೆದ ಮಾತು ನನ್ನ ಕಣ್ಣಿಗೆ ಬಿದ್ದಿದೆ: ಮಂಡಿನೋವು, ನಿಂತು ಅಡಿಗೆ ಮಾಡಲಾಗುವುದಿಲ್ಲ. ಅದನ್ನು ನನಗೆ ಬರೆದಿರಿ, ಸೊಸೆಗೆ ಹೇಳಿದಿರಾ? ಅವಳಿಗೆ ಕೇಳಿಸಿದ್ದು ‘ನೆವ’ ಎನ್ನುವ ಮಾತು ಮಾತ್ರ. ಮಂಡಿನೋವು ಕೇಳಿಸಲಿಲ್ಲ.

ಮಾತು ಬಿಟ್ಟ ಮಗನಿಗಾಗಿ ಕಾಯಬೇಡಿ. ನಾಳೆ ಸಾಯಂಕಾಲ ಸೊಸೆ ಕಂಪ್ಯೂಟರ್ ಮುಚ್ಚಿ ಹೊರಗೆ ಬಂದಾಗ, ಜಗುಲಿಯಲ್ಲೋ ಹಜಾರದಲ್ಲೋ ಪಕ್ಕದಲ್ಲಿ ಕೂರಿಸಿಕೊಂಡು, “ನಿನ್ನ ಕೂಟದಲ್ಲಿ ಹೇಳ್ತೀಯಲ್ಲಮ್ಮ, ಹಾಗೆ ನಾನೂ ಹೇಳ್ತೀನಿ. ನನ್ನೊಬ್ಬಳ ಕೈಲಿ ಆಗ್ತಿಲ್ಲ” ಎನ್ನಿ. ದಿನಾ ಬೆಳಗ್ಗೆ ಇಂಥ ಮಾತು ಕೇಳಿ ‘ನಾನು ಜತೆಗೆ ಕೂತ್ಕೋತೀನಿ’ ಎಂದು ಹೇಳಿ ಅಭ್ಯಾಸ ಇರುವ ಹುಡುಗಿ ಅವಳು. ಅತ್ತೆಗೆ ಹೇಳದೆ ಇರುತ್ತಾಳೆಯೇ? ಏನಾಯಿತೆಂದು ನನಗೆ ಬರೆಯಿರಿ.

ಮುಂದಿನ ಸಂಚಿಕೆಯಲ್ಲಿ, ಬಹಳ ಜನ ಕೇಳಿರುವ ಹಾಗೆ, ಬೆಣ್ಣೆ ಚಕ್ಕುಲಿಯ ಹಿಟ್ಟಿನ ಅಳತೆ ಕೊಡುತ್ತೇನೆ. ಅಲ್ಲಿಯವರೆಗೆ ಯಾರೇ ಮಾಡಲಿ, ಮೊದಲು ಒಂದನ್ನು ಕರಿದು ಮುರಿದು ನೋಡಿ!